ಸೋಮಾರಿ ಕರಡಿಯೂ ಮಾವನವರ ಮರ್ಯಾದೆಯೂ

ಗೊತ್ತಿಲ್ಲ ಎನ್ನುವುದು ಮೇಷ್ಟ್ರುಗಳಿಗೆ ಬಹಳ ಕಷ್ಟದ ಕೆಲಸ. ಕೊಳ್ಳೇಗಾಲದಲ್ಲಿ ಇಷ್ಟು ವರ್ಷ ವಿಜ್ಞಾನ ಪಾಠ ಹೇಳಿದ ನನಗಂತೂ ಅದು ಇನ್ನೂ ಒಲಿದಿಲ್ಲ. ಪ್ರಾಣಿಗಳ ಲ್ಯಾಟಿನ್ ಹೆಸರುಗಳಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಆದರೆ ವಿಜ್ಞಾನಿಗಳೇ ಮಾತಿನಲ್ಲಿ ಬಳಸುವ ಸಲೀಸಾದ ಇಂಗ್ಲಿಷ್ ಹೆಸರುಗಳಿವೆಯಲ್ಲ, ಅವನ್ನು ಬಿಡಿಸಿ ಕನ್ನಡ ಮಾಡುವುದು ನನ್ನ ಚಟ. ‘ಲಾಫಿಂಗ್ ಡವ್’ ಅಂದರೆ ನಗುವ ಬೆಳವ ಎಂದು ಹೇಳಿ, ಅದರ ನಗು ಕೇಳಿಸಲು ಒಂದಿಡೀ ಪೀರಿಯಡ್ ಮಕ್ಕಳನ್ನು ಹೊಂಗೆಮರದ ಕೆಳಗೆ ಕೂರಿಸಿದ್ದೆ. ಬೆಳವ ನಗಲಿಲ್ಲ, ಹೆಡ್‌ಮೇಷ್ಟ್ರು ನಕ್ಕರು.

ನನ್ನ ಹೆಂಡತಿ ನಾಗಮಣಿಯ ತವರು ಲೊಕ್ಕನಹಳ್ಳಿ. ನಾವು ಅಲ್ಲಿಗೆ ಹೋಗಿದ್ದಾಗ ಕರಡಿಗಳ ಅಧ್ಯಯನಕ್ಕೆಂದು ಹೊರರಾಜ್ಯದ ಹುಡುಗಿಯೊಬ್ಬಳು ಬಂದಳು. ಅವಳ ಇಂಗ್ಲಿಷನ್ನು ಊರಿನವರಿಗೆ ಕನ್ನಡದಲ್ಲಿ ಹೇಳಲು, ಯಾರೂ ಕರೆಯದಿದ್ದರೂ, ನಾನೇ ಮುಂದೆ ಹೋಗಿ ನಿಂತೆ. ಅವಳು ಕರಡಿಯ ಚಿತ್ರ ತೋರಿಸಿ ‘ಸ್ಲಾತ್ ಬೇರ್’ ಎಂದಳು. ಇಂಗ್ಲಿಷಿನಲ್ಲಿ ಸ್ಲಾತ್ ಅಂದರೆ ಸೋಮಾರಿತನ. “ಸೋಮಾರಿ ಕರಡಿ” ಎಂದು ನಾನು ಗಟ್ಟಿಯಾಗಿ ಹೇಳಿದೆ.

ಅರಳಿಕಟ್ಟೆಯ ಮೇಲಿದ್ದವರೆಲ್ಲ ನಮ್ಮ ಮಾವ ಮಾದಪ್ಪನವರ ಕಡೆ ತಿರುಗಿದರು. ಹಿಂದೊಮ್ಮೆ ಹುತ್ತದ ಹತ್ತಿರ ಕರಡಿ ಅಟ್ಟಿಸಿಕೊಂಡು ಬಂದಾಗ, ಊರ ತನಕ ಓಡಿ ಬದುಕಿದವರು ಅವರು. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಆ ಓಟದ ಕಥೆ ಬರುತ್ತಿತ್ತು.

“ಲೇ ಮಾದಪ್ಪ, ಸೋಮಾರಿಗೆ ಎದ್ರಿ ಓಡ್ಬಂದಿದ್ಯಾ ನೀನು?” ಎಂದರು ಅವರ ಓರಗೆಯ ಒಬ್ಬರು.

ಮಾವ ಟವೆಲ್ ಕೊಡವಿ ಮನೆಗೆ ಹೋದರು. ಅಂದು ಬಂದ ನೆಂಟರಿಗೆ ಬರೀ ಕಾಫಿ ಸಿಕ್ಕಿತು. “ನಮ್ಮಪ್ಪ ಇಷ್ಟು ವರ್ಸ ಕಾಪಾಡ್ಕಂಡಿದ್ದ ಮರ್ಯಾದೆನ ಎರಡೇ ಮಾತ್ನಲ್ಲಿ ಕಳದ್ಬುಟ್ರಲ್ಲ” ಎಂದಳು ನಾಗಮಣಿ. ಆಮೇಲೆ ನನ್ನೊಡನೆ ಮಾತೇ ಇಲ್ಲ.

ಮರುದಿನ ನನ್ನ ಅನುವಾದವನ್ನೂ ಅದರಿಂದಾದ ಎಡವಟ್ಟನ್ನೂ ಆ ಹುಡುಗಿಯ ಮುಂದೆ ಒಪ್ಪಿಕೊಂಡೆ. ಅವಳು ನಕ್ಕು ವಿವರಿಸಿದಳು. ದೂರದೇಶದಲ್ಲಿ ಮರಕ್ಕೆ ಜೋತುಬಿದ್ದಿರುವ, ಬಹಳ ನಿಧಾನದ ಪ್ರಾಣಿಯೊಂದಿದೆ, ಅದರ ಹೆಸರು ಸ್ಲಾತ್. ಹಿಂದೆ ಯಾರೋ ಪಂಡಿತರು ನಮ್ಮ ಕರಡಿಯ ಉದ್ದನೆಯ ಉಗುರು ನೋಡಿ, ಇದೂ ಅದೇ ಜಾತಿ ಎಂದುಕೊಂಡರಂತೆ. ಆಮೇಲೆ ತಪ್ಪು ತಿಳಿಯಿತು, ಹೆಸರು ಮಾತ್ರ ಉಳಿಯಿತು. ಓಟದಲ್ಲಿ ಈ ಕರಡಿ ಮನುಷ್ಯನನ್ನು ಮೀರಿಸುತ್ತದೆ.

ಸಂಜೆ ಅರಳಿಕಟ್ಟೆಯ ಮುಂದೆ ನಿಂತು ಇದನ್ನೆಲ್ಲ ಒಪ್ಪಿಸಿದೆ. ಮಾವ ನಿಧಾನವಾಗಿ ಎದ್ದು ನಿಂತರು. “ಕೇಳುದ್ರಾ? ಮನ್ಸರಿಗಿಂತ ಜೋರಾಗಿ ಓಡ್ತದಂತೆ. ಓದ್ದೋರೇ ಏಳವ್ರೆ.”

ಊಟಕ್ಕೆ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಕಥೆ ಮತ್ತೆ ಶುರುವಾಯಿತು, ಈ ಸಲ ಕರಡಿಯ ವೇಗ ಇನ್ನೂ ಹೆಚ್ಚಿತ್ತು. “ಅಳಿಯಂದ್ರಿಗೆ ಇನ್ನೊಂದು ಮುದ್ದೆ ಇಕ್ಕವ್ವ” ಎಂದರು. ನಾಗಮಣಿ ನಗುತ್ತಾ ಬಡಿಸಿದಳು.

ಕರಡಿ ಮನುಷ್ಯನಿಗಿಂತ ಜೋರಾಗಿ ಓಡುವುದಾದರೆ, ಮಾವ ಊರು ಮುಟ್ಟಿದ್ದಾದರೂ ಹೇಗೆ? ವಿಜ್ಞಾನದ ಮೇಷ್ಟ್ರು ಕೇಳಲೇಬೇಕಾದ ಪ್ರಶ್ನೆ ಅದು. ನಾಲಿಗೆಯ ತುದಿಯವರೆಗೂ ಬಂತು. ಹೆಂಡತಿಯ ಮುಖ ನೋಡಿದೆ. ಮುದ್ದೆಯ ಜೊತೆ ಅದನ್ನೂ ನುಂಗಿದೆ. ಎರಡನ್ನೂ ಅಗಿಯಬಾರದು.