ಇಪ್ಪತ್ತನಾಲ್ಕು ಸೆಕೆಂಡಿನ ಹೆಂಡತಿ

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಗಂಡಸು ತನ್ನ ಹೆಂಡತಿ ನೋಡಲು ಹೇಗಿದ್ದಾಳೆಂದು ತನಗೆ ಗೊತ್ತಿದೆ ಎಂದುಕೊಂಡಿರುತ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ. ಸಂತೆಯ ಗದ್ದಲದಲ್ಲಿ ಸೀರೆಯ ಬಣ್ಣ ನೋಡಿಕೊಂಡು ಅವಳನ್ನು ಹಿಂಬಾಲಿಸುವುದು, ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಇವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿತ್ತೋ ಇಲ್ಲವೋ ಎಂದು ಹೇಳುವುದು, ಇಷ್ಟು ವಿದ್ಯೆಯಲ್ಲಿ ನನ್ನ ಸಂಸಾರ ಚೆನ್ನಾಗಿಯೇ ನಡೆದಿತ್ತು. ಆದರೆ ಅವಳಿಗೆ ಕಪ್ಪು ಟೀ ಶರ್ಟು ತೊಡಿಸಿ, ಅದೇ ಟೀ ಶರ್ಟಿನ ಇನ್ನೂ ನಾಲ್ಕಾರು ಜನರ ಸಾಲಿನಲ್ಲಿ ಕೂರಿಸಿ, ಮುಂದೆ ಕಂಪ್ಯೂಟರುಗಳನ್ನು ಅಡ್ಡ ಇಟ್ಟು, ಅವುಗಳ ಮುಂದೆ ಆರಡಿಯ ಹುಡುಗಿಯರನ್ನು ಎಡಬಿಡದೆ ಓಡಾಡಿಸಿ, ಇದೆಲ್ಲವನ್ನೂ ಟಿವಿಯಲ್ಲಿ ತೋರಿಸಿ, ‘ಇದರೊಳಗೆ ನಿನ್ನ ಹೆಂಡತಿ ಎಲ್ಲಿದ್ದಾಳೆ ಹುಡುಕು’ ಎಂದರೆ ಯಾವ ಗಂಡನ ಮಾನ ಉಳಿದೀತು?

ಗಿರಿಜಾ ಆನವಟ್ಟಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರು. ನಾವಿರುವುದು ಶಿಕಾರಿಪುರದಲ್ಲಿ, ನಾನು ಇಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನಮ್ಮಿಬ್ಬರ ನಡುವೆ ಓಡುವ ಖಾತೆ ಅವಳದು, ಕೂರುವ ಖಾತೆ ನನ್ನದು. ಅಂಥವಳು ಕೂತೇ ದೊಡ್ಡ ಹೆಸರು ಮಾಡಿದಳು ಎನ್ನುವುದು ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ. ಅವಳ ತವರು ಸೊರಬ ತಾಲ್ಲೂಕಿನ ಜಡೆ. ಸೊರಬದ ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಅಲ್ಲಿಯ ಮೈದಾನದಲ್ಲಿ ಒಂದು ಬಾಸ್ಕೆಟ್‌ಬಾಲ್ ಕಂಬವಿತ್ತಂತೆ. ಒಂದೇ. ಎದುರಿನ ಕಂಬ ಇಲ್ಲದ್ದರಿಂದ ಅರ್ಧ ಆಟವನ್ನೇ ಪೂರ್ತಿ ಕಲಿತಳು. ಚೆಂಡು ಅವಳ ಮಾತು ಕೇಳಿತು, ಎತ್ತರ ಕೇಳಲಿಲ್ಲ. ಅವಳು ನನ್ನ ಭುಜಕ್ಕೆ ಬರುತ್ತಾಳೆ, ನಾನೇನೂ ತೆಂಗಿನಮರವಲ್ಲ. ಜಿಲ್ಲಾ ತಂಡದ ಆಯ್ಕೆಗೆ ಹೋದಾಗ ಅಲ್ಲಿದ್ದ ಹಿರಿಯರೊಬ್ಬರು, “ಚೆನ್ನಾಗಿ ಆಡ್ತೀಯಮ್ಮ, ಆದ್ರೆ ಇವತ್ತು ಇಲ್ಲಿ ಕೂತ್ಕೊಂಡು ಸ್ಕೋರು ಬರಿ” ಎಂದು ಮೇಜಿನ ಹಿಂದೆ ಕೂರಿಸಿದರಂತೆ. ಬಸ್ಸಿನಲ್ಲಿ ಜಡೆಯವರೆಗೂ ಅತ್ತುಕೊಂಡು ಬಂದಳಂತೆ. ಆದರೆ ಆಮೇಲೆ ಆ ಮೇಜನ್ನು ಬಿಡಲೇ ಇಲ್ಲ. ಪರೀಕ್ಷೆಗಳನ್ನು ಕಟ್ಟುತ್ತ, ಜಿಲ್ಲೆಯ ಮೇಜು, ರಾಜ್ಯದ ಮೇಜು, ದೇಶದ ಮೇಜು ಎಂದು ಏರುತ್ತ ಹೋದಳು. ಕೊನೆಗೆ ಬೆಂಗಳೂರಿನಲ್ಲಿ ಏಷ್ಯಾದ ದೇಶಗಳ ಮಹಿಳಾ ಪಂದ್ಯಾವಳಿ ನಡೆಯುವುದೆಂದೂ, ಅದರಲ್ಲಿ ಶಾಟ್ ಕ್ಲಾಕಿಗೆ ಇವಳು ಕೂರಬೇಕೆಂದೂ ಕರೆ ಬಂತು.

ಶಾಟ್ ಕ್ಲಾಕ್ ಎಂದರೇನೆಂದು ನನಗೆ ಅವಳು ಅನ್ನ ಬಡಿಸುತ್ತ ಹೇಳಿಕೊಟ್ಟಳು. ಚೆಂಡು ಕೈಗೆ ಬಂದ ತಂಡ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಅದನ್ನು ಬುಟ್ಟಿಗೆ ಎಸೆಯಬೇಕು. ಎಸೆದದ್ದು ಬುಟ್ಟಿಯ ಕಬ್ಬಿಣದ ಬಳೆಗಾದರೂ ತಾಗಬೇಕು. ತಾಗಿ ಹೊರಗೆ ಬಿದ್ದು ಮತ್ತೆ ಅವರಿಗೇ ಸಿಕ್ಕರೆ ಗುಂಡಿ ಒತ್ತಿ ಹೊಸದಾಗಿ ಸಮಯ ಕೊಡಬೇಕು. ತಾಗದಿದ್ದರೆ ಕೊಡಬಾರದು, ಹಳೆಯ ಗಡಿಯಾರವೇ ಓಡುತ್ತಿರಬೇಕು. “ತಾಗ್ತೋ ಇಲ್ವೋ ಅಂತ ನೋಡೋದೇ ನನ್ನ ಕೆಲಸ ಕಣ್ರೀ” ಎಂದಳು. ಇಷ್ಟಕ್ಕೆ ಬೆಂಗಳೂರಿನವರೆಗೆ ಯಾಕೆ ಹೋಗಬೇಕು ಎಂದು ನನಗನ್ನಿಸಿತು. ಕೈಯಲ್ಲಿ ಸಾರಿನ ಸೌಟು ಇದ್ದವರ ಹತ್ತಿರ ಇಂಥದ್ದನ್ನೆಲ್ಲ ಕೇಳಬಾರದೆಂದು ತಟ್ಟೆಯನ್ನು ಮುಂದೆ ಸರಿಸಿದೆ.

ಹೊರಡುವ ಮುಂಚಿನ ದಿನಗಳಲ್ಲಿ ನಮ್ಮ ಮನೆಯೇ ಆಟದ ಅಂಗಳವಾಯಿತು. ಹಳೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚೊಂದನ್ನು ಎಲ್ಲಿಂದಲೋ ತೆಗೆದು, ಮೊಬೈಲಿನಲ್ಲಿ ಯಾವುದೋ ದೇಶದ ಆಟ ಹಾಕಿಕೊಂಡು, ಹೆಬ್ಬೆರಳಲ್ಲಿ ಟಕ್ ಟಕ್ ಎಂದು ಒತ್ತುತ್ತ ಅಭ್ಯಾಸ ಮಾಡುವಳು. ತಂತಿಯಿಲ್ಲದ ಸ್ವಿಚ್ಚು, ಅದರ ಸದ್ದನ್ನು ಅವಳೇ ಬಾಯಲ್ಲಿ ಮಾಡುತ್ತಿದ್ದಳು. “ಇನ್ನೊಂದು ರೊಟ್ಟಿ ಹಾಕ್ಲಾ?” ಎಂದು ಕೇಳಿ, ನಾನು ಆಸೆಗೂ ಹೊಟ್ಟೆಗೂ ನಡುವೆ ಯೋಚಿಸುತ್ತಿರುವಾಗಲೇ “ಬೀಪ್!” ಎಂದು ರೊಟ್ಟಿಯ ಬುಟ್ಟಿ ಒಳಗೆ ಒಯ್ದದ್ದೂ ಉಂಟು. ಮನೆಯಲ್ಲಿ ಯಾವ ತೀರ್ಮಾನಕ್ಕೂ ಇಪ್ಪತ್ತನಾಲ್ಕು ಸೆಕೆಂಡಿಗಿಂತ ಹೆಚ್ಚು ಸಿಗದ ಕಾಲ ಅದು. ಕಚೇರಿಯಲ್ಲಿ ಬೆಳೆದ ನನ್ನಂಥವನಿಗೆ ಅಷ್ಟರಲ್ಲಿ ಕನ್ನಡಕ ಹುಡುಕುವುದೂ ಮುಗಿಯುವುದಿಲ್ಲ.

ಅವಳು ಬೆಂಗಳೂರಿಗೆ ಹೋದ ಮೇಲೆ ಮನೆ ನೋಡಿಕೊಳ್ಳಲೆಂದು ಜಡೆಯಿಂದ ಅತ್ತೆ ಬಂದರು. ಬಸ್ಸಿಳಿಯುವಾಗ ಮಂಡಿ ಹಿಡಿದುಕೊಂಡಿತು. ಹೀಗಾಗಿ ಮನೆಯನ್ನು ಅತ್ತೆ ಕುರ್ಚಿಯಿಂದ ನೋಡಿಕೊಂಡರು, ಉಳಿದದ್ದನ್ನೆಲ್ಲ ನಾನು ಮಾಡಿದೆ. “ಅಳಿಯಂದ್ರೇ, ಸಾರಿಗೆ ಹುಳಿ ಬಿಟ್ರನಾ?” ಎಂದು ಅವರು ಕೇಳುವುದು, ಬಿಟ್ಟಿದ್ದೇನೋ ಇಲ್ಲವೋ ನೆನಪಾಗದೆ ನಾನು ಇನ್ನೊಮ್ಮೆ ಬಿಡುವುದು ನಡೆಯಿತು. ಅತ್ತೆ ಆ ಸಾರನ್ನು ಪೂರ್ತಿ ಉಂಡರು. ಆಮೇಲೆ ಒಂದು ಚೊಂಬು ನೀರು ಕುಡಿದರು.

ಸಂಜೆಯಾದರೆ ಇಬ್ಬರೂ ಟಿವಿಯ ಮುಂದೆ. ಮೊದಲ ದಿನ ಬಹಳ ಹೊತ್ತು ಏನೂ ಸಿಗಲಿಲ್ಲ. ಆಮೇಲೆ ಪರದೆಯ ಅಂಚಿನಲ್ಲಿ ಒಂದು ಮೊಣಕೈ ಕಂಡಿತು. “ಅದೇ! ಅದು ಗಿರಿಜಂದೇ ಕೈ!” ಎಂದು ಅತ್ತೆ ಕೂಗಿದರು. ನನಗೆ ಸಂಶಯ. “ಅಷ್ಟು ದಪ್ಪ ಇದೆಯೇ ಅತ್ತೆ?” ಎಂದೆ. “ಹೆತ್ತೋಳು ನಾನಾ, ನೀವಾ?” ಎಂದರು. ಅಲ್ಲಿಗೆ ವಾದ ಮುಗಿಯಿತು. ನಾನೂ ಆ ಮೊಣಕೈಯನ್ನು ಪ್ರೀತಿಸತೊಡಗಿದೆ. ಅದು ಮೇಜಿನ ಮೇಲೆ ಊರಿದರೆ ‘ಪಾಪ, ಸುಸ್ತಾಗಿದೆ’ ಅನ್ನಿಸುವುದು, ಮಾಯವಾದರೆ ಆತಂಕವಾಗುವುದು. ಅತ್ತೆ ದಿನವೂ ಅದಕ್ಕೆ ದೃಷ್ಟಿ ತಾಗಬಾರದೆಂದು ನೆಟಿಗೆ ಮುರಿದರು. ಆಮೇಲೊಂದು ದಿನ ಫೋನಿನಲ್ಲಿ ಗಿರಿಜಾ, “ನಾನು ಕೂರೋದು ಈ ಕಡೆ ತುದಿ ಕಣ್ರೀ, ಕ್ಯಾಮೆರಾಕ್ಕೆ ಸಿಗೋದೇ ಇಲ್ಲ. ಆ ಕಡೆ ಇರೋರು ಕೇರಳದ ಒಬ್ರು ಸರ್, ಒಳ್ಳೆ ಮನುಷ್ಯ” ಎಂದಳು. ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಟಿವಿಯನ್ನೇ ನೋಡಿ, “ಇರ್ಲಿ ಬಿಡಿ, ಅವ್ರಿಗೂ ತಾಯಿ ಇರ್ತಾರಲ” ಎಂದರು.

ಹೀಗೆ ನಾವು ಆಟ ನೋಡುವ ವಿಷಯ ಎದುರು ಮನೆಯ ರುದ್ರಪ್ಪನವರಿಗೆ ತಿಳಿಯಿತು. ಅವರದು ಬಟ್ಟೆ ಅಂಗಡಿ. ಭಾರತದ ಹುಡುಗಿಯರು ಸೆಮಿಫೈನಲ್ ತಲುಪಿದ್ದಾರೆಂದು ಕೇಳಿದ ಮೇಲೆ ಅಂಗಡಿಯನ್ನು ಬೇಗ ಮುಚ್ಚಿ, ಮಂಡಕ್ಕಿ ಮಿರ್ಚಿಯ ದೊಡ್ಡ ಪೊಟ್ಟಣ ಹಿಡಿದು ಬಂದರು. “ಟೀಚರಮ್ಮ ಇದ್ದಾರಂದ್ರ ನಾವು ಗೆದ್ದಂಗ ಬಿಡ್ರಿ ಸಾಹೇಬ್ರ” ಎಂದರು. ಬಾಸ್ಕೆಟ್‌ಬಾಲ್ ಅವರು ಅಲ್ಲಿಯವರೆಗೆ ನೋಡಿದವರಲ್ಲ. ಆದರೆ ಹತ್ತು ನಿಮಿಷದಲ್ಲಿ ನಮಗೇ ಆಟ ವಿವರಿಸತೊಡಗಿದರು. ಎದುರಾಳಿ ದೇಶದ ಹೆಸರು ಅವರ ಬಾಯಲ್ಲೂ ನಿಲ್ಲಲಿಲ್ಲ, ಅತ್ತೆಯ ಬಾಯಲ್ಲೂ ನಿಲ್ಲಲಿಲ್ಲ. ‘ಕೆಂಪಂಗಿಯವರು’ ಎಂದು ನಾಮಕರಣ ಮಾಡಿದೆವು. ನಮ್ಮವರದು ನೀಲಿ ಅಂಗಿ.

ಆಟ ಹೇಗಿತ್ತೆಂದರೆ ಮಂಡಕ್ಕಿ ಪೊಟ್ಟಣ ಬಿಚ್ಚಿದ್ದೇ ಬಂತು, ಯಾರೂ ಮುಟ್ಟಲಿಲ್ಲ. ಕೆಂಪಂಗಿಯವರು ಒಮ್ಮೆ ಮುಂದೆ, ನಮ್ಮವರು ಒಮ್ಮೆ ಮುಂದೆ. ಕೊನೆಯ ನಿಮಿಷಕ್ಕೆ ಬರುವಾಗ ನಾವು ಒಂದೇ ಅಂಕ ಹಿಂದಿದ್ದೆವು. ನೀಲಿ ಅಂಗಿಯ ಹುಡುಗಿಯೊಬ್ಬಳು ದೂರದಿಂದ ಎಸೆದಳು. ಚೆಂಡು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ಕೆಳಗೆ ಬಿತ್ತು. ಜಡೆ ಕಟ್ಟಿದ ಇನ್ನೊಬ್ಬ ನಮ್ಮ ಹುಡುಗಿ ಅದನ್ನು ನೆಲದಿಂದ ಹೆಕ್ಕಿಕೊಂಡು, ಒಬ್ಬಳನ್ನು ತಪ್ಪಿಸಿ, ಇನ್ನೊಬ್ಬಳನ್ನು ತಪ್ಪಿಸಿ, ಸುತ್ತಿ ಬಂದು ಎಗರಿ ಹಾಕಿದಳು. ಬುಟ್ಟಿಯೊಳಗೆ! ರುದ್ರಪ್ಪನವರು ನನ್ನನ್ನು ಅಪ್ಪಿಕೊಂಡರು. ಅತ್ತೆ ಮಂಡಿ ನೋವು ಮರೆತು ಎದ್ದು ನಿಂತರು. ಒಂದಂಕ ಮುಂದೆ, ಕೆಲವೇ ಸೆಕೆಂಡು ಬಾಕಿ.

ಆಗ ಪರದೆಯ ಮೇಲೆ ಮೇಜು ಬಂತು. ಮೇಜಿನ ಈಚೆ ತುದಿಯಲ್ಲಿ ಒಬ್ಬ ಚಿಕ್ಕ ಆಕಾರದ ಹೆಂಗಸು ಕೈಯೆತ್ತಿಕೊಂಡು ಎದ್ದು ನಿಂತಿದ್ದಳು. ಮುಖ ಪೂರ್ತಿ ಕಾಣುತ್ತಿತ್ತು. ಇಷ್ಟು ದಿನ ಹುಡುಕಿದ ಮುಖ. ನನಗೆ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು, ಯಾಕೆಂದರೆ ಅಷ್ಟು ಬಿಳಿಚಿಕೊಂಡ ಗಿರಿಜಾಳನ್ನು ನಾನು ಯಾವತ್ತೂ ನೋಡಿರಲಿಲ್ಲ. ರೆಫ್ರಿ ಓಡಿ ಬಂದ. ಅವಳು ಏನೋ ಹೇಳಿದಳು. ಬುಟ್ಟಿಯ ಕಡೆ ಕೈ ತೋರಿಸಿದಳು. ಆಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ನೀಲಿ ಅಂಗಿಯವರ ಕೋಚು ಕಿರುಚತೊಡಗಿದರು. ಇಡೀ ಸ್ಟೇಡಿಯಂ ಹೋ ಎಂದಿತು. ಕಾಮೆಂಟರಿಯವನು ವಿವರಿಸಿದ: ಮೊದಲ ಎಸೆತ ಬಳೆಗೆ ತಾಗಿತೆಂದು ತಿಳಿದು ತಾನು ಹೊಸ ಸಮಯ ಕೊಟ್ಟುಬಿಟ್ಟೆ, ಅದು ತಾಗಿರಲಿಲ್ಲ, ತಪ್ಪು ತನ್ನದು ಎಂದು ಮೇಜಿನ ಅಧಿಕಾರಿಯೇ ಹೇಳುತ್ತಿದ್ದಾರೆ. ಯಾರೂ ಕೇಳಿರಲಿಲ್ಲ. ಕೆಂಪಂಗಿಯವರೂ ಗಮನಿಸಿರಲಿಲ್ಲ.

ಆ ಹೊತ್ತಿನಲ್ಲಿ ಅವಳ ಗಂಡನಾದ ನಾನು ಶಿಕಾರಿಪುರದಿಂದ ಅವಳಿಗೆ ಕೊಟ್ಟ ಬೆಂಬಲ ಯಾವುದೆಂದರೆ, ಟಿವಿಯ ಎರಡೂ ಅಂಚು ಹಿಡಿದುಕೊಂಡು, “ಕೂತ್ಕೋ ಗಿರಿಜಾ! ಕೂತ್ಕೊಳೇ ಮಾರಾಯ್ತಿ!” ಎಂದು ಕೂಗಿದ್ದು.

“ಅವ್ಳು ಕೂರಲ್ಲ” ಎಂದರು ಅತ್ತೆ, ಹಿಂದಿನಿಂದ. “ಅವ್ಳು ಹಿಂಗೇಯ. ನೀವು ಈಚೆ ಬನ್ನಿ ಅಳಿಯಂದ್ರೇ, ಅವ್ಳ ಮುಖ ಕಾಣ್ಲಿ.”

ರೆಫ್ರಿಗಳು ಪುಟ್ಟ ಪರದೆಯಲ್ಲಿ ಹಿಂದಿನದನ್ನು ಮತ್ತೆ ಮತ್ತೆ ನೋಡಿದರು. ನಮಗೂ ತೋರಿಸಿದರು. ಚೆಂಡಿಗೂ ಬಳೆಗೂ ನಡುವೆ ಬೆರಳು ತೂರುವಷ್ಟು ಜಾಗವಿತ್ತು. ಹಳೆಯ ಗಡಿಯಾರವೇ ಓಡಿದ್ದರೆ, ಜಡೆ ಕಟ್ಟಿದ ಹುಡುಗಿ ಎಗರುವ ಮೊದಲೇ ಸಮಯ ಮುಗಿದಿರುತ್ತಿತ್ತು. ಅಂಕ ರದ್ದಾಯಿತು. ಚೆಂಡು ಕೆಂಪಂಗಿಯವರಿಗೆ ಹೋಯಿತು. ನಾವು ಒಂದಂಕದಿಂದ ಸೋತೆವು. ರುದ್ರಪ್ಪನವರು ಚಪ್ಪಲಿ ಹುಡುಕಿಕೊಂಡು, “ಏನ್ ಸಾಹೇಬ್ರ, ನಮ್ಮನೀ ಹೆಣ್ಮಗಳೇ ನಮಗ ಹಿಂಗ ಮಾಡಿದ್ರ ಹೆಂಗ್ರೀ?” ಎಂದು, ಉತ್ತರಕ್ಕೂ ಕಾಯದೆ ಹೊರಟುಹೋದರು. ಅತ್ತೆ ಮತ್ತೆ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಎಷ್ಟ್ ಸೊರಗಿದಾಳೆ ನೋಡಿ. ಅಲ್ಲಿ ಊಟ ಸರಿ ಹಾಕಲ್ವೇನ” ಎಂದರು.

ಫೋನು ಮಾಡಿದೆ. “ಬಂದು ಮಾತಾಡ್ತೀನಿ” ಎಂದಳು. ಅಷ್ಟೇ. ಮರುದಿನ ಕಚೇರಿಯಲ್ಲಿ ಒಬ್ಬರು, “ಅಲ್ರೀ, ನಿಮ್ಮನೆಯೋರು ಒಂದ್ ನಿಮಿಷ ಸುಮ್ನಿದ್ದಿದ್ರೆ ಆಗ್ತಿತ್ತಲ್ರೀ” ಎಂದರು. ಹಿಂದಿನ ಸಂಜೆ ನಾನು ಕೂಗಿದ್ದೂ ಅದನ್ನೇ. ಆದರೆ ಬೇರೆಯವರ ಬಾಯಲ್ಲಿ ಕೇಳಿದಾಗ ಎಂಥ ಸಿಟ್ಟು ಬಂತೆಂದರೆ, “ಅವಳು ಅಲ್ಲಿಗೆ ಹೋಗಿದ್ದು ಸುಮ್ನಿರೋಕಲ್ಲ” ಎಂದುಬಿಟ್ಟೆ. ಹಾಗೆಂದ ಮೇಲೆ ನನಗೇ ಸಮಾಧಾನವಾಯಿತು. ಎಲ್ಲೋ ಒಳಗೆ ನಾನೂ ಒಳ್ಳೆಯವನಿರಬಹುದು ಅನ್ನಿಸಿತು. ಆದರೂ ಅವಳನ್ನು ಇನ್ನು ಯಾವ ಮೇಜಿಗೂ ಕರೆಯದಿದ್ದರೆ ಏನು ಗತಿ ಎಂಬ ಚಿಂತೆ ಬಿಡಲಿಲ್ಲ. ಆ ಮೇಜು ಬಿಟ್ಟರೆ ಅವಳಿಗೆ ಆಟದ ಹತ್ತಿರ ಹೋಗಲು ಬೇರೆ ದಾರಿಯಿರಲಿಲ್ಲ.

ಪಂದ್ಯಾವಳಿ ಮುಗಿದ ಮರುದಿನ ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಹೋದೆ. ಗಿರಿಜಾ ದೊಡ್ಡ ಬ್ಯಾಗಿನೊಂದಿಗೆ ಇಳಿದಳು. ನಾನು ಏನು ಹೇಳಬೇಕೆಂದು ಹಿಂದಿನ ದಿನದಿಂದ ಯೋಚಿಸಿಕೊಂಡು ಬಂದಿದ್ದೆ, ಬಾಯಿಂದ ಬಂದದ್ದು, “ಸೀಟು ಸಿಕ್ಕಿತ್ತಾ?” ಎಂದು. ಅಷ್ಟರಲ್ಲಿ ರುದ್ರಪ್ಪನವರ ಬೈಕು ಪಕ್ಕದಲ್ಲಿ ಬಂದು ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು, “ಟೀಚರಮ್ಮ, ನನಗ ಇನ್ನೂ ಹೊಟ್ಟಿ ಉರಿಯಾಕ ಹತ್ತೈತಿ, ಸುಳ್ಳು ಯಾಕ ಹೇಳ್ಲಿ” ಎಂದರು. ಗಿರಿಜಾ ತಲೆ ತಗ್ಗಿಸಿದಳು. “ಆದ್ರ ಬ್ಯಾಗು ಕೊಡ್ರಿ ಇಲ್ಲಿ. ಸಾಹೇಬ್ರ ಸ್ಕೂಟರಿನ್ಯಾಗ ಇದು ಹಿಡಿಯಂಗಿಲ್ಲ” ಎಂದು ಬ್ಯಾಗನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಮುಂದೆ ಹೋದರು.

ಮನೆಯಲ್ಲಿ ಅತ್ತೆ ಮಂಡಿಗೆ ಬಟ್ಟೆ ಬಿಗಿದುಕೊಂಡು ತಾವೇ ಅಡುಗೆ ಮಾಡಿದ್ದರು. ನನ್ನ ಸಾರನ್ನು ಮಗಳಿಗೆ ಉಣ್ಣಿಸುವ ಧೈರ್ಯ ಅವರಿಗಿರಲಿಲ್ಲ. ಊಟವಾದ ಮೇಲೆ ಗಿರಿಜಾ ಜಗುಲಿಯಲ್ಲಿ ಕೂತು ತಾನಾಗಿಯೇ ಹೇಳತೊಡಗಿದಳು. “ಆಟ ಮುಗಿದ ಮೇಲೆ ಮೇಜು ಬಿಟ್ಟು ಏಳೋಕೇ ಆಗ್ಲಿಲ್ಲ ಕಣ್ರೀ. ಆ ಎರಡನೇ ಸಲ ಹಾಕಿದ್ಲಲ್ಲ, ಆ ಹುಡುಗಿ ಸೀದಾ ನನ್ನ ಹತ್ರನೇ ಬಂದ್ಲು. ಬೈತಾಳೆ ಅಂದ್ಕೊಂಡೆ. ಬೈದಿದ್ರೂ ಸರಿನೇ ಇತ್ತು. ನನ್ ಕೈ ಹಿಡ್ಕೊಂಡು, ‘ಅಕ್ಕ, ಅದು ತಾಗಿರ್ಲಿಲ್ಲ, ನಂಗೂ ಗೊತ್ತಿತ್ತು’ ಅಂದ್ಲು ಹಿಂದೀಲಿ. ಆಮೇಲೆ ಇಬ್ರೂ ಅತ್ವಿ.” ಜಗುಲಿಯ ಕಂಬಕ್ಕೆ ಒರಗಿ, “ನನ್ನನ್ನ ಮನೆಗೆ ಕಳಿಸ್ತಾರೆ ಅಂತ ಬ್ಯಾಗು ಕಟ್ಟಿಟ್ಟಿದ್ದೆ. ಫೈನಲ್ಲಿಗೆ ಅದೇ ಕುರ್ಚೀಲಿ ನನ್ನೇ ಕೂರ್ಸಿದ್ರು” ಎಂದಳು. ಒಳಗೆ ಪಾತ್ರೆಯ ಸದ್ದು ನಿಂತಿತ್ತು, ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದರು.

ಆಮೇಲೆ ಗಿರಿಜಾ ನನ್ನ ಕಡೆ ತಿರುಗಿ, “ನಿಜ ಹೇಳ್ರೀ, ನೀವಾಗಿದ್ರೆ ಏನ್ ಮಾಡ್ತಿದ್ರಿ?” ಎಂದಳು.

ನನಗೆ ಇಪ್ಪತ್ತನಾಲ್ಕು ಸೆಕೆಂಡಿಗಿಂತ ಬಹಳ ಹೆಚ್ಚು ಬೇಕಾಯಿತು. ಅವಳು ಕಾದಳು.

“ನಾನಾಗಿದ್ರೆ” ಎಂದೆ, “ನನ್ನನ್ನ ಆ ಕುರ್ಚಿವರೆಗೆ ಯಾರೂ ಬಿಡ್ತಾನೇ ಇರ್ಲಿಲ್ಲ.”

ಬೆಂಗಳೂರಿನಿಂದ ಬಂದ ಮೇಲೆ ಅವಳು ಮೊದಲ ಸಲ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ಹಿಗ್ಗಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ, “ಅದೊಂದ್ ಮಾತು ಖರೆ ಹೇಳಿದ್ರು ನೋಡು” ಎಂದರು. ನಿಜವೇ ಇರಬಹುದು. ಆದರೆ ಅಷ್ಟು ಅವಸರದಿಂದ ಒಪ್ಪಿಕೊಳ್ಳಬೇಕಾದ ಅಗತ್ಯವೇನಿತ್ತೆಂದು ನನಗೆ ಇನ್ನೂ ಅರ್ಥವಾಗಿಲ್ಲ.