ತಲೆಗೆ ಮೂರು ನಿಮಿಷ

ಮಡಿವಾಳೆಪ್ಪನವರಿಗೆ ಇದ್ದದ್ದು ಒಂದೇ ದೋಷ. ಎದುರಿಗಿದ್ದವರು ಮಾತಾಡುತ್ತಿದ್ದರೆ ನಡುವೆ ತಡೆಯಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಮನೆಮಟ್ಟಿಗೆ ಇದು ಗುಣವೇ. ಆದರೆ ತಿರ್ಲಾಪುರದ ರೈತರು ಕೂಡಿ ಕಟ್ಟಿದ 'ಎರೆನೆಲ ರೈತ ಉತ್ಪಾದಕರ ಕಂಪನಿ'ಗೆ ಅವರು ಅಧ್ಯಕ್ಷರಾದ ದಿನದಿಂದ ಅದು ಊರಿನ ದೋಷವಾಯಿತು. ಹೋದ ವರ್ಷದ ವಾರ್ಷಿಕ ಸಭೆ ಮುಂಜಾನೆ ಹತ್ತಕ್ಕೆ ಸುರುವಾಗಿ, ಕೊನೆಯ ಸದಸ್ಯ ಟವೆಲ್ ಝಾಡಿಸಿ ಎದ್ದಾಗ ನಾಲ್ಕೂವರೆಯಾಗಿತ್ತು. ಒಂದು ಠರಾವೂ ಆಗಲಿಲ್ಲ. ಆಗಬೇಕಿದ್ದದ್ದು ಗೋದಾಮಿನ ಠರಾವು. ಅದು ಆಗದ್ದರಿಂದ ಮನೆಮನೆಯ ಪಡಸಾಲೆಯಲ್ಲಿಟ್ಟ ಹೆಸರುಕಾಳು ಮಳೆಯ ತೇವ ಹಿಡಿದು ಚೀಲದಲ್ಲೇ ಮೊಳಕೆಯೊಡೆಯಿತು. ಅಧ್ಯಕ್ಷರ ಮನೆಯಲ್ಲಿ ಹದಿನೈದು ದಿನ ಬರೀ ಮೊಳಕೆಕಾಳಿನ ಪಲ್ಯ.

ಈ ಸಲ ಹಾಗಾಗುವಂತಿರಲಿಲ್ಲ. ಒಂದು ಯೋಜನೆಯವರು ಗೋದಾಮು ಕಟ್ಟಿಸಿಕೊಡಲು ಮುಂದೆ ಬಂದಿದ್ದರು. ಜಾಗ ಯಾವುದೆಂದು ಸಭೆಯಲ್ಲಿ ಠರಾವು ಮಾಡಿ ಶನಿವಾರ ಸಂಜೆ ಐದರೊಳಗೆ ಕಳಿಸಬೇಕು. ಇಲ್ಲದಿದ್ದರೆ ಗೋದಾಮು ಬೇರೆ ಊರಿನ ಪಾಲು. ಯೋಜನೆಯ ಸಾಹೇಬರು ಎಲ್ಲ ಕಂಪನಿಗಳ ಅಧ್ಯಕ್ಷರನ್ನೂ ಧಾರವಾಡಕ್ಕೆ ಕರೆಸಿ, ಸಭೆ ನಡೆಸುವುದು ಹೇಗೆಂದು ಪಾಠವನ್ನೂ ಹೇಳಿದ್ದರು. ವಿಷಯಪಟ್ಟಿ ಮೊದಲೇ ಹಂಚಬೇಕು. ಹೇಳಿದ ಹೊತ್ತಿಗೆ ಸುರು ಮಾಡಬೇಕು. ಮಾತಿಗೆ ತಲೆಗೆ ಮೂರು ನಿಮಿಷ, ಅದಕ್ಕಿಂತ ಹೆಚ್ಚು ಕೊಡಬಾರದು. ಮಡಿವಾಳೆಪ್ಪನವರು ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆದುಕೊಂಡು ಬಂದಿದ್ದರು.

"ನೀವು ಯಾರನ್ನ ಕೂಡ್ರಸ್ತೀರಿ?" ಶನಿವಾರ ಮುಂಜಾನೆ ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು. "ಮೊನ್ನೆ ಭಾಂಡೆ ಮಾರಾಂವ ಬಂದು ಅರ್ಧಾ ತಾಸು ಮಾತಾಡಿದ. ಬ್ಯಾಡ ಅನ್ನಾಕಾಗದ ಎರಡು ಕೊಡ ತಗೊಂಡ್ರಿ."

"ಬಾಯಿಲೆ ಹೇಳಂಗಿಲ್ಲ. ಗಂಟಿ ಹೊಡೀತೀನಿ," ಎಂದರು ಮಡಿವಾಳೆಪ್ಪನವರು. ಸಮುದಾಯ ಭವನದ ಬಾಜೂಕಿನ ಶಾಲೆಯ ಹಳೆಯ ಗಂಟೆಯನ್ನು ಹಿಂದಿನ ದಿನವೇ ಅಲ್ಲಿಯ ಸಿಪಾಯಿಯ ಕೈಯಿಂದ ಇಸಿದುಕೊಂಡಿದ್ದರು.

ಹೇಳಿದ ಹೊತ್ತು ಹತ್ತು. ಹತ್ತಕ್ಕೆ ಭವನದಲ್ಲಿ ಒಂಬತ್ತು ಜನ, ಅದರಲ್ಲಿ ಇಬ್ಬರು ಅಡಿಗೆಯವರು. ಇನ್ನೂರು ಸದಸ್ಯರಲ್ಲಿ ಐವತ್ತು ಮಂದಿಯಾದರೂ ಕೂತಿರದಿದ್ದರೆ ಸಭೆ ಸಭೆಯೇ ಅಲ್ಲ. ಗೋಧಿ ಹುಗ್ಗಿಯ ವಾಸನೆ ಓಣಿ ಹಿಡಿದು ಹೊರಟ ಮೇಲೆ ಹನ್ನೊಂದರ ಸುಮಾರಿಗೆ ಐವತ್ಮೂರಾದರು. ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ನೇತ್ರಾ ಎರಡು ಸಲ ತಲೆ ಎಣಿಸಿ, "ಸುರು ಮಾಡ್ರಿ ಕಾಕಾ, ಯಾರರೆ ಏಳೂದ್ರಾಗ," ಎಂದಳು.

ಮೊದಲು ಎದ್ದವನು ಅಬ್ದುಲಮಜೀದ. ಮಾತು ಅವನ ಬಾಯಲ್ಲಿ ಒಡೆದ ಕಾಲುವೆಯ ನೀರಿದ್ದಂತೆ, ಎಲ್ಲಿ ನುಗ್ಗುತ್ತದೋ ಅವನಿಗೇ ಗೊತ್ತಿರುವುದಿಲ್ಲ. ಕೂತ ಹಿರಿಯರಿಗೆಲ್ಲ ಹೆಸರು ಹಿಡಿದು ನಮಸ್ಕಾರ ಹೇಳುವಷ್ಟರಲ್ಲೇ ಮೂರು ನಿಮಿಷವಾಯಿತು. ಮಡಿವಾಳೆಪ್ಪನವರು ಕಣ್ಣು ಮುಚ್ಚಿ ಗಂಟೆ ಬಾರಿಸಿದರು.

ಅಬ್ದುಲಮಜೀದ ನಿಲ್ಲಲಿಲ್ಲ. ಆದರೆ ಬಾಜೂಕಿನ ಶಾಲೆ ಬಿಟ್ಟಿತು. ನೂರಾ ಹತ್ತು ಹುಡುಗರು ಪಾಟಿಚೀಲ ಹೆಗಲಿಗೇರಿಸಿ, ಕಟ್ಟು ಬಿಚ್ಚಿದ ಕರುಗಳ ಹಾಗೆ ಕಿಟಕಿಯ ಮುಂದೆ ಓಡಿಹೋದರು. ಅವರ ಹಿಂದೆಯೇ ಮುಖ್ಯ ಶಿಕ್ಷಕಿ ಬಂದು ಬಾಗಿಲಲ್ಲಿ ನಿಂತರು.

"ಏನ್ರಿ ಅಧ್ಯಕ್ಷರ! ಇನ್ನೂ ಹನ್ನೊಂದೂ ಕಾಲು. ಗಣಿತದ ಪಾಠ ನಡದಿತ್ತು. ಇನ್ನ ಅವರನ್ನ ಯಾರು ಕರಕೊಂಡು ಬರಬೇಕು, ನೀವು ಹೋಗ್ತೀರೇನು?"

ಗಂಟೆ ಅವರ ಕೈಯಲ್ಲಿ ಶಾಲೆಗೆ ಮರಳಿತು. ನಡುವೆ ಮಾತು ಕಡಿಯಿತೆಂದು ಅಬ್ದುಲಮಜೀದ ಮತ್ತೆ ಮೊದಲಿನಿಂದ, ಹೆಸರು ಹಿಡಿದು, ಸುರು ಮಾಡಿದ.

ಅವನು ತಾನಾಗಿ ದಣಿದು ಕೂತ ಮೇಲೆ ಮುದಕಪ್ಪನ ಸರದಿ. ಗೋದಾಮಿಗೆ ಜಾಗ ಕೊಡುತ್ತೇನೆಂದು ಮುಂದೆ ಬಂದವನು ಊರಲ್ಲಿ ಅವನೊಬ್ಬನೇ, ಅದೂ ಬಾಡಿಗೆಗೆ. ಹೊಲ ಇದ್ದದ್ದು ಹಳ್ಳದ ಆಚೆ. ಮಳೆಗಾಲದಲ್ಲಿ ಅಲ್ಲಿಗೆ ಚಕ್ಕಡಿ ಗಾಡಿಯಿರಲಿ, ಕಾಗೆ ಹಾರಿಹೋದರೂ ಕಾಲು ಹುಗಿಯುತ್ತದೆ ಎನ್ನುವರು.

"ದಾರಿ ಇಲ್ಲಂತಾರ. ದಾರಿ ಐತಿ!" ಮುದಕಪ್ಪ ಎದೆ ತಟ್ಟಿಕೊಂಡ. "ಮಳಿಗಾಲದಾಗ ನಾಕು ತಿಂಗಳಷ್ಟ ಕಾಣಂಗಿಲ್ಲ."

ನೇತ್ರಾ ಅಡಿಗೆಮನೆಯಿಂದ ಒಂದು ಸ್ಟೀಲಿನ ತಾಟು, ಒಂದು ಸೌಟು ತಂದು ಅಧ್ಯಕ್ಷರ ಕೈಗಿಟ್ಟಳು. ಮೂರು ನಿಮಿಷವಾದದ್ದೇ ಅವರು ತಾಟು ಬಡಿದರು.

ಇಡೀ ಸಭೆ ಒಮ್ಮೆಲೇ ಎದ್ದಿತು. ನೇತ್ರಾ "ಊಟ ಅಲ್ರೀ, ಟೈಮ್ ರೀ!" ಎಂದು ಕೂಗುವಷ್ಟರಲ್ಲಿ ಐವತ್ಮೂರು ಜನವೂ ಹಿತ್ತಲಲ್ಲಿ ಕೈ ತೊಳೆದು ಪಂಕ್ತಿಗೆ ಕೂತಾಗಿತ್ತು. ಅಡಿಗೆಯವನು, "ಹುಗ್ಗಿಗೆ ಇನ್ನೂ ಬೆಲ್ಲ ಬಿದ್ದಿಲ್ಲ, ಏಳ್ರಿ ಮ್ಯಾಲೆ," ಎಂದು ಬೈದು ಎಬ್ಬಿಸಲು ಅರ್ಧ ತಾಸು ಹಿಡಿಯಿತು. ತಿರುಗಿ ಬಂದವರು ಐವತ್ತೊಂದೇ. ಇಬ್ಬರು ಸಿಟ್ಟಾಗಿ ಮನೆಗೆ ಹೋಗಿದ್ದರು.

ಮುದಕಪ್ಪ ಬಿಟ್ಟಲ್ಲಿಂದ ಹಿಡಿದ. ಮಡಿವಾಳೆಪ್ಪನವರ ಕೈಯಲ್ಲಿ ಈಗ ಗಂಟೆಯೂ ಇರಲಿಲ್ಲ, ಅಡಿಗೆಯವನು ಕಸಿದುಕೊಂಡು ಹೋದ ತಾಟೂ ಇರಲಿಲ್ಲ. ಸಾಕೆಂದು ಬರಿಗೈ ಎತ್ತಿದರು. ಮುದಕಪ್ಪ ಅದನ್ನು ಆಶೀರ್ವಾದವೆಂದುಕೊಂಡು ಕೈಮುಗಿದು ಮತ್ತೆ ಕಾಲು ತಾಸು ಮಾತಾಡಿದ.

ಒಂದು ಗಂಟೆ ದಾಟಿತು. ಹಸಿದ ಹೊಟ್ಟೆಗಳು ಗೊಣಗತೊಡಗಿದವು. ಬಾಗಿಲ ಹತ್ತಿರದ ಇಬ್ಬರು ಕಾಲಿನಿಂದಲೇ ಚಪ್ಪಲಿ ಹುಡುಕುತ್ತಿದ್ದರು. ಆ ಇಬ್ಬರು ಎದ್ದರೆ ಸಭೆ ಮುರಿಯಿತು, ಗೋದಾಮೂ ಹೋಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ರೇವವ್ವ ಎದ್ದು ನಿಂತಳು.

ಎಪ್ಪತ್ತರ ಮುದುಕಿ. ಕಂಪನಿಗೆ ಸದಸ್ಯೆಯಾಗಿ ಮೂರು ವರ್ಷವಾಗಿದ್ದರೂ ಸಭೆಯಲ್ಲಿ ಎದ್ದದ್ದು ಇದೇ ಮೊದಲು. ಆದರೆ ಓಣಿಯಲ್ಲಿ ಆಕೆಯ ಮಾತು ಎಲ್ಲರಿಗೂ ಗೊತ್ತಿತ್ತು. ಉಪ್ಪು ಕಡ ಕೇಳಲು ಬಂದರೂ ತನ್ನ ಮದುವೆಯಿಂದ ಹಿಡಿದು ಉಪ್ಪಿನವರೆಗೆ ಬರುವವಳು.

"ಅಧ್ಯಕ್ಷರ, ನಂದೊಂದು ಮಾತೈತ್ರಿ," ಎಂದಳು. ಸೆರಗು ಸರಿಮಾಡಿಕೊಂಡಳು. "ನಾ ಈ ಊರಿಗೆ ಸೊಸಿಯಾಗಿ ಬಂದಾಗ ನಮ್ಮ ಮಾವ..."

"ಯಪ್ಪಾ, ಮದಿವಿಯಿಂದ ಬಂತು!" ಯಾರೋ ಅಂದರು. ಬಾಗಿಲ ಹತ್ತಿರದ ಇಬ್ಬರ ಕಾಲಿಗೆ ಚಪ್ಪಲಿ ಸಿಕ್ಕವು. ಮಡಿವಾಳೆಪ್ಪನವರು ಎದ್ದು ನಿಂತರು. ಆಗ, ಅವರ ಜನ್ಮದಲ್ಲಿ ಮೊದಲ ಸಲ, ಆ ಮಾತು ಬಾಯಿಂದ ಬಿತ್ತು.

"ಸಾಕ ಮಾಡಬೇ ರೇವಕ್ಕ. ಕೂಡ್ರು."

ರೇವವ್ವ ಕೂತಳು. ಅರ್ಧಕ್ಕೆ ಬಿಟ್ಟ ಮಾತನ್ನು ನುಂಗಿ, ತಟ್ಟನೆ ಕೂತುಬಿಟ್ಟಳು. ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಚಪ್ಪಾಳೆಗೆ ಎತ್ತಿದ ಕೈಗಳು ಇಳಿಯುವ ಮೊದಲೇ ಅಧ್ಯಕ್ಷರು ಠರಾವು ಓದಿದರು: ಮುದಕಪ್ಪನ ಹೊಲ, ಹತ್ತು ವರ್ಷದ ಕರಾರು. ಎಲ್ಲರೂ ಹೂಂ ಅಂದರು. ಒಂದೂವರೆಗೆ ನೇತ್ರಾ ಸಹಿ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಸಾಹೇಬರಿಗೆ ಕಳಿಸಿಯೇಬಿಟ್ಟಳು. ಮಡಿವಾಳೆಪ್ಪನವರು ಹುಗ್ಗಿಯನ್ನು ಮೂರು ಸಲ ಹಾಕಿಸಿಕೊಂಡು ಉಂಡರು.

ಎಲ್ಲರೂ ಹೋದ ಮೇಲೆ, ಜಮಖಾನೆ ಸುತ್ತುತ್ತ, ಅವರು ನಡೆದದ್ದನ್ನು ಒಂದೊಂದಾಗಿ ಲೆಕ್ಕ ಹಾಕಿದರು. ಅಬ್ದುಲಮಜೀದ ಗಂಟೆಗೆ ನಿಲ್ಲಲಿಲ್ಲ. ಮುದಕಪ್ಪ ಕೈಗೂ ನಿಲ್ಲಲಿಲ್ಲ. ನಿಂತದ್ದು ಮೂರು ವರ್ಷ ಸುಮ್ಮನೆ ಕೂತು ಎಲ್ಲರ ಮಾತನ್ನೂ ಕೇಳಿದ ಆ ಮುದುಕಿಯೊಬ್ಬಳೇ. ಹೇಳಿದರೆ ಕೇಳುವವರ ಮಾತನ್ನಷ್ಟೇ ನಿಲ್ಲಿಸಲು ತನ್ನಿಂದಾಯಿತಲ್ಲ ಅನಿಸಿತು. ಇದಕ್ಕೆ ಚಪ್ಪಾಳೆ ಬೇರೆ ಬಿದ್ದಿತ್ತು. ಜಮಖಾನೆಯನ್ನು ಅಲ್ಲೇ ಬಿಟ್ಟು ಅವರು ರೇವವ್ವನ ಮನೆಯ ಕಡೆಗೆ ನಡೆದರು.

ರೇವವ್ವ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಮಗ್ಗುಲಲ್ಲಿ ಅಂಗನವಾಡಿ ನಡೆಸುವ ಜಮೀಲಾಬಿ. ಆಕೆಯೂ ಕಂಪನಿಯ ಸದಸ್ಯೆ.

"ಬರ್ರಿ ಅಧ್ಯಕ್ಷರ, ಚಾ ಕುಡೀರಿ."

"ತಪ್ಪಾತಬೇ ರೇವಕ್ಕ," ಎಂದರು ಮಡಿವಾಳೆಪ್ಪನವರು, ನಿಂತೇ. "ಮಂದಿ ಮುಂದ ನಿನ್ನ ಮಾತು ತುಂಡ ಮಾಡಿದೆ. ಏನ ಹೇಳಬೇಕಂತ ಎದ್ದಿದ್ದಿ?"

"ಅದೇನ ದೊಡ್ಡ ಮಾತಲ್ಲ ಬಿಡ್ರಿ. ನಾ ಸೊಸಿಯಾಗಿ ಬಂದಾಗ ನಮ್ಮ ಮಾವ ಬಸ್‌ಸ್ಟ್ಯಾಂಡ ಬಾಜೂಕಿನ ಹನ್ನೆರಡು ಗುಂಟೆ ಜಾಗ ನನ್ನ ಹೆಸರಿಗೆ ಮಾಡಿದ್ರು. ಖಾಲಿ ಬಿದ್ದೈತಿ. ಮಕ್ಕಳ್ನೂ ಕೇಳಿದೆ, ಕೊಡಬೇ ಅಂದ್ರು. ಗೋದಾಮಿಗೆ ಪುಕ್ಕಟ ಕೊಡ್ತೀನಂತ ಹೇಳಾಕ ಎದ್ದಿದ್ದೆ."

ಮಡಿವಾಳೆಪ್ಪನವರು ಕಿಸೆಯಿಂದ ಫೋನು ತೆಗೆದರು. ಬಸ್‌ಸ್ಟ್ಯಾಂಡ್ ಬಾಜೂಕು. ಡಾಂಬರು ರಸ್ತೆ. ಎಂಥ ಮಳೆಯಲ್ಲೂ ಲಾರಿ ಬಂದು ನಿಲ್ಲುವ ಜಾಗ.

"ರೇವಕ್ಕ! ಹಂಗಾರ ಇನ್ನೂ ಹೊತ್ತೈತಿ. ನಾ ಈಗ ಸಾಹೇಬ್ರಿಗೆ ಫೋನ್ ಹಚ್ಚಿ..."

"ಈಗೆಲ್ಲೈತ್ರಿ? ನೀವು ಕೂಡ್ರಂದ್ರಿ, ಕೂತೆ. ಊಟದಾಗ ಬಾಜೂಕ ಜಮೀಲಾಬಿ ಕೂತಿದ್ಲು. ಉಳದ ಮಾತು ಆಕಿಗೆ ಹೇಳಿದೆ. ಅಂಗನವಾಡಿಗೆ ಬೇಕಂದ್ಲು, ಕೊಡ್ತೀನಂದೆ. ಹತ್ತು ಮಂದಿ ಕೇಳೂಹಂಗ ಮಾತು ಕೊಟ್ಟೀನಿ."

"ಹನ್ನೊಂದು ವರ್ಷಾತ್ರಿ, ಆ ತಗಡಿನ ಶೆಡ್ಡಿನ್ಯಾಗ ಕೂಸುಗಳನ್ನ ಕೂಡ್ರಸಾಕತ್ತು," ಎಂದಳು ಜಮೀಲಾಬಿ, ಸ್ವಲ್ಪ ನಾಚಿ. "ಆಯಿ ಹೇಳಿದ್ದನ್ನ ಮದಿವಿಯಿಂದ ಹಿಡದು ಪೂರಾ ಕೇಳೀನ್ರಿ. ಎರಡು ತಾಸು."

ಅಂಗನವಾಡಿಯ ಕೂಸುಗಳ ಕೈಯಿಂದ ಜಾಗ ಕಿತ್ತುಕೊಳ್ಳುವ ಮಾತು ಮಡಿವಾಳೆಪ್ಪನವರಿಗೆ ಹೇಗೆ ಬರಬೇಕು? ಫೋನನ್ನು ಮತ್ತೆ ಕಿಸೆಗೆ ಹಾಕಿಕೊಂಡರು. ಆಗಲೇ ಫೋನು ಬಂತು. ಸಾಹೇಬರದು.

"ಭಲೇ ಮಡಿವಾಳೆಪ್ಪನವರ! ಎಂಟು ಕಂಪನಿಯೊಳಗ ಠರಾವು ಬಂದದ್ದು ನಿಮ್ದೊಂದ. ಮಂಜೂರ ಆಗೇತಿ, ಇನ್ನ ಒಂದಕ್ಷರ ಬದಲಿಲ್ಲ. ಬಾಕಿಯವ್ರ ಸಭಿ ಇನ್ನೂ ನಡದಾವ. ಮುಂದಿನ ತಿಂಗಳ ಧಾರವಾಡಕ್ಕ ಬರ್ರಿ. ಅವರಿಗೆಲ್ಲ ನೀವ ಪಾಠಾ ಹೇಳಬೇಕು. ಆತಿಲ್ರಿ?"

"ಆತ್ರಿ," ಎಂದರು ಮಡಿವಾಳೆಪ್ಪನವರು.

"ಏನಂತ್ರಿ?" ರೇವವ್ವ ಚಹಾದ ಕಪ್ಪು ಮುಂದೆ ಮಾಡುತ್ತ ಕೇಳಿದಳು.

"ಸಭಿ ಹೆಂಗ ನಡಸಬೇಕಂತ ಹೇಳಾಕ ಕರದಾರಬೇ."

"ಹೋಗ್ರಿ ಹೋಗ್ರಿ," ಎಂದಳು ರೇವವ್ವ, ಮನಸಾರೆ. "ನೀವು ಅಗದಿ ಛಲೋ ಹೇಳ್ತೀರಿ. ಒಮ್ಮೆ ಹೇಳಿದ್ರ ಸಾಕು, ಮತ್ತ ಬಾಯಿ ತಗಿಬಾರದು ಅನಸ್ತೈತಿ."