ಕರಿಯನ ಹೊಟ್ಟೆ ಕೆಡಿಸಿದವರು

ನಮ್ಮ ನಾಯಿ ಕರಿಯನ ಹೊಟ್ಟೆ ಕೆಡಿಸುತ್ತಿದ್ದವರು ಯಾರು, ಊಹಿಸಿ ನೋಡೋಣ. ನನ್ನ ಹೆಂಡತಿಯಲ್ಲ, ತಾಯಿಯಲ್ಲ, ಬೀದಿಯ ಮಕ್ಕಳೂ ಅಲ್ಲ. ನಾಯಿ ಸಾಕಿದ ಮನೆಯಲ್ಲಿ ಇಂಥ ಪತ್ತೇದಾರಿ ಕೆಲಸ ಒಂದಲ್ಲ ಒಂದು ಇದ್ದೇ ಇರುತ್ತದೆ. ಎಂಬತ್ತರ ದಶಕ. ನಾನಾಗ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬಸವೇಶ್ವರನಗರದಲ್ಲಿ ಬಾಡಿಗೆ ಮನೆ, ಮಹಡಿ ಮೇಲೆ ಓನರ್. ಅವರ ಮೆಟ್ಟಿಲ ಬುಡವೇ ಬೇಕು, ಹೊಟ್ಟೆ ಕೆಟ್ಟಾಗ ಕರಿಯನಿಗೆ. ಓನರ್ ಕೊನೆಗೆ ಹೇಳಿಬಿಟ್ಟರು: “ಇನ್ನೊಂದ್ ಸಲ ಹೀಗಾದ್ರೆ ನಾಯೀನ ನಂದಿನಿ ಲೇಔಟ್ ಆಚೆ ಬಿಟ್ಟು ಬನ್ನಿ ಸಾರ್. ಇಲ್ಲಾ, ಮನೆ ಖಾಲಿ ಮಾಡಿ.”

೧. ವಿಚಾರಣೆ

ಕರಿಯನನ್ನು ದನದ ಆಸ್ಪತ್ರೆಗೆ ಕರೆದೊಯ್ದೆವು. “ಏನ್ ಹಾಕ್ತೀರಿ?” ಎಂದರು ಡಾಕ್ಟರು.

“ಅನ್ನ ಸಾರು ಅಷ್ಟೇ,” ಎಂದೆ ನಾನು, ಎದೆಯುಬ್ಬಿಸಿ.

“ಒಂದೆರಡು ಕೋಡುಬಳೆ,” ಎಂದಳು ಹೆಂಡತಿ.

“ಮೊನ್ನೆ ಚೂರು ಹಯಗ್ರೀವ ಕೊಟ್ಟಿದ್ದೆ ಕಣಪ್ಪ, ಪಾಪ, ನೋಡ್ತಾ ಕೂತಿತ್ತು,” ಎಂದರು ನಮ್ಮಮ್ಮ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಉಪ್ಪು ಖಾರ ಇಲ್ದಿರೋ ಮೆತ್ತನೆ ಅನ್ನ ಕೊಡಿ. ಹಾಲಂತೂ ತೊಟ್ಟೂ ಬೇಡ, ಇದಕ್ಕೆ ಅರಗಲ್ಲ. ನಾಯಿ ಥರ ಸಾಕಿ ಅಮ್ಮ, ಬೀಗರ ಥರ ಅಲ್ಲ.”

೨. ಪಥ್ಯ

ಮಾರನೆಯ ದಿನ ಕಾರ್ಖಾನೆಯಲ್ಲಿ ಡಬ್ಬಿ ತೆಗೆದರೆ ಬಿಳೀ ಮುದ್ದೆ. ಹೆಂಡತಿಗೆ ಏನೋ ಕೋಪವಿರಬೇಕು ಎಂದುಕೊಂಡು ತೆಪ್ಪಗೆ ತಿಂದೆ. ಸಂಜೆ ಮನೆಗೆ ಬಂದು, “ಇವತ್ತು ಹೊಟ್ಟೆ ಎಷ್ಟು ಹಗುರ ಇತ್ತು ಗೊತ್ತಾ,” ಎಂದೆ, ರಾಜಿಯಾಗಲೆಂದು.

“ಅಯ್ಯೋ, ಅದು ಕರಿಯಂದು ಕಣ್ರೀ. ನಿಮ್ಮ ಬಿಸಿಬೇಳೆಬಾತ್ ಇಲ್ಲೇ ಉಳ್ಕೊಂಡಿತ್ತು, ನಾನೂ ಅತ್ತೆಯವ್ರೂ ತಿಂದ್ವಿ.” ಸ್ವಲ್ಪ ಯೋಚಿಸಿ ಸೇರಿಸಿದಳು: “ನಿಮಗೂ ಒಗ್ಗತ್ತೆ ಅನ್ನೋದಾದ್ರೆ ಒಂದೇ ಪಾತ್ರೇಲಿ ಮಾಡ್ಬಿಡ್ತೀನಿ.”

೩. ಕ್ಯಾಲೆಂಡರ್

ಪಥ್ಯ ಮಾಡಿದರೂ ಮೆಟ್ಟಿಲ ಬುಡ ಮತ್ತೆ ಕೆಟ್ಟಿತು. ಪುಣ್ಯಕ್ಕೆ ಓನರ್ ಏಳುವ ಮೊದಲೇ ನಾನು ತೊಳೆದೆ. ಕಾರ್ಖಾನೆಯಲ್ಲಿ ಮಾಲು ಕೆಟ್ಟರೆ ನಾವು ದಿನ ಗುರುತು ಹಾಕುತ್ತಿದ್ದೆವು. ಮನೆಯಲ್ಲೂ ತಿಂಗಳ ಮೊದಲಿಂದಲೇ ಹಾಗೇ ಮಾಡಿದ್ದೆ. ಹೊಟ್ಟೆ ಕೆಟ್ಟ ದಿನಕ್ಕೆ ಕೆಂಪು ಇಂಕಿನ ಗುರುತು. ತಿಂಗಳ ಕೊನೆಗೆ ಕ್ಯಾಲೆಂಡರ್ ನೋಡಿದರೆ ಒಂದು ಗುರುತೂ ಕಾಣಲಿಲ್ಲ.

“ಎಲ್ಲಾ ಭಾನುವಾರವೇ ಬಿದ್ದಿದೆಯಲ್ರೀ,” ಎಂದಳು ಹೆಂಡತಿ. “ಮೊದ್ಲೇ ಕೆಂಪಗಿರೋ ಅಂಕಿ ಮೇಲೆ ಕೆಂಪಲ್ಲಿ ಬರೆದ್ರೆ ಏನ್ ಕಾಣತ್ತೆ? ಬಿಎಸ್ಸಿ ಬೇರೆ.”

೪. ಶನಿವಾರ ಸಂಜೆ

ಭಾನುವಾರ ಕೆಡಬೇಕಾದರೆ ಶನಿವಾರ ಏನೋ ಒಳಗೆ ಹೋಗಿರಬೇಕು. ಮುಂದಿನ ಶನಿವಾರ ಹೊಸಹಳ್ಳಿಗೆ ಹೋಗುತ್ತೇನೆಂದು ಜೋರಾಗಿ ಸಾರಿ, ಹಿತ್ತಲಲ್ಲಿ ಒಣಹಾಕಿದ್ದ ಬೆಡ್‌ಶೀಟಿನ ಹಿಂದೆ ನಿಂತೆ.

ಮಹಡಿಯಿಂದ ಓನರ್ ಇಳಿದರು. ಕೈಯಲ್ಲಿ ಬಟ್ಟಲು ತುಂಬ ಹಾಲನ್ನ, ಮೇಲೆ ಬೆಲ್ಲ. ಅತ್ತಿತ್ತ ನೋಡಿ ಪಿಸುಗುಟ್ಟಿದರು: “ತಿನ್ನಪ್ಪಾ ಕರಿಯಾ, ಬೇಗ. ನಿಮ್ಮ ಯಜಮಾನ ಬಂದ್ಬಿಟ್ಟಾನು.”

“ಬಂದೆ ಸಾರ್,” ಎಂದೆ, ಬೆಡ್‌ಶೀಟ್ ಸರಿಸಿ.

ಓನರ್ ತಿರುಗುವಷ್ಟರಲ್ಲಿ ಕರಿಯ ಬಟ್ಟಲು ನೆಕ್ಕಿ ಮುಗಿಸಿದ್ದ. “ನಂಗೆ ಸಾಡೇಸಾತಿ ಸಾರ್. ಶನಿವಾರ ಕರೀ ನಾಯಿಗೆ ಹಾಲನ್ನ ಹಾಕಿ ಅಂದ್ರು ಜೋಯಿಸರು. ಬೀದಿ ನಾಯಿ ಅಂದ್ರೆ ಭಯ. ಇದು ಸಾಧು.”

“ಇದಕ್ಕೆ ಹಾಲು ಅರಗಲ್ಲ ಸಾರ್. ಭಾನುವಾರ ನಿಮ್ಮ ಮೆಟ್ಟಿಲ ಬುಡಕ್ಕೆ ಬರ್ತಾ ಇದ್ದದ್ದು ಇದೇ ಹಾಲು.”

ಅವರು ಮೆಟ್ಟಿಲನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿದರು. ನಾನು ಗಂಭೀರವಾಗಿ, “ಇರಲಿ ಬಿಡಿ, ನಾಳೆನೇ ಬಿಟ್ಟು ಬರ್ತೀನಿ,” ಎಂದೆ.

ಓನರ್ ನಾಯಿಯ ಸರಪಳಿ ಹಿಡಿದುಕೊಂಡುಬಿಟ್ಟರು. “ಎಲ್ಲಾದ್ರೂ ಉಂಟಾ? ಹಾಲು ಬೇಡ, ಬರೀ ಅನ್ನ ಹಾಕ್ತೀನಿ. ನಂಗೆ ಇನ್ನೂ ಎರಡೂವರೆ ವರ್ಷ ಶನಿ ಇದೆ ಸಾರ್. ಅಲ್ಲೀವರ್ಗೂ ನೀವೂ ಮನೆ ಖಾಲಿ ಮಾಡೋ ಹಾಗಿಲ್ಲ.”

ಮಾರನೆಯ ಬೆಳಿಗ್ಗೆ ಮೆಟ್ಟಿಲ ಬುಡ ಕೊನೆಯ ಸಲ ಕೆಟ್ಟಿತ್ತು. ತೊಳೆದವರು ಓನರ್. ನಾನು ಕಾಫಿ ಕುಡಿಯುತ್ತಾ ನೋಡಿದೆ.